ಕನ್ನಡಿಗನ ಸ್ವಭಾವವೆಂಬ ಮಾತು

ಕನ್ನಡ ನಾಡಿನ ಸಭೆಗಳಲ್ಲಿ, ಅದರಲ್ಲಿಯೂ ನವೆಂಬರು ತಿಂಗಳ ಉತ್ಸವಗಳಲ್ಲಿ, ಕನ್ನಡಿಗನನ್ನು ಕುರಿತು ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಕನ್ನಡಿಗನು ಶಾಂತನು, ಉದಾರಿ, ಅನ್ಯಮತಸಹಿಷ್ಣು, ಬಂದವರನ್ನು ಬರಮಾಡಿಕೊಳ್ಳುವವನು ಎಂಬುದು ಒಂದು. ಕನ್ನಡಿಗನು ನಿರಭಿಮಾನಿ, ತನ್ನ ಹಿರಿಮೆಯನ್ನು ತಾನರಿಯದವನು, ಎಬ್ಬಿಸಿದರೂ ಏಳದವನು ಎಂಬುದು ಮತ್ತೊಂದು. ವಿನೋದವೇನೆಂದರೆ, ಈ ಎರಡನ್ನೂ ಒಬ್ಬರೇ ಉಪನ್ಯಾಸಕರು ಒಂದೇ ಉಪನ್ಯಾಸದಲ್ಲಿ ಹೇಳುವುದುಂಟು. ಸಭಿಕರು ಮೊದಲನೆಯದಕ್ಕೆ ಕೈತಟ್ಟಿ ಎರಡನೆಯದಕ್ಕೆ ತಲೆದೂಗುವುದೂ ಉಂಟು. ಮೇಲ್ನೋಟಕ್ಕೆ ಒಂದು ಸ್ತುತಿ, ಒಂದು ನಿಂದೆ. ಒಳಹೊಕ್ಕು ನೋಡಿದರೆ ಎರಡಕ್ಕೂ ತಳಹದಿ ಒಂದೇ. ಒಂದು ಭಾಷೆಯನ್ನಾಡುವ ಜನಕ್ಕೆಲ್ಲ ಒಂದೇ ಸ್ವಭಾವವುಂಟು, ಅದು ಚಾಲುಕ್ಯರ ಕಾಲದಿಂದ ಇಂದಿನವರೆಗೆ ಮಾರ್ಪಡದೆ ಬಂದಿದೆ ಎಂಬ ನಂಬಿಕೆಯೇ ಆ ತಳಹದಿ.

ಈ ನಂಬಿಕೆಯು ಬರಿಯ ಲೋಕರೂಢಿಯ ಮಾತಾಗಿದ್ದ ಪಕ್ಷದಲ್ಲಿ ಸಾಹಿತ್ಯವಿಮರ್ಶೆಗೆ ಅದರಲ್ಲಿ ಕೆಲಸವಿರುತ್ತಿರಲಿಲ್ಲ. ಆದರೆ ಅದು ಶಾಸನಗಳನ್ನೂ ಕಾವ್ಯಗಳನ್ನೂ ಸಾಕ್ಷಿಗೆ ಕರೆಯುತ್ತದೆ. ಸಾಕ್ಷಿಯನ್ನು ಕರೆದ ಮೇಲೆ ಅವನು ಹೇಳಿದುದರಲ್ಲಿ ಬೇಕಾದ ಅರ್ಧವನ್ನು ಮಾತ್ರ ಬರೆದುಕೊಂಡು ಕಳುಹಿಸುವುದು ನ್ಯಾಯವಲ್ಲ; ಹೇಳಿದುದನ್ನೆಲ್ಲ ಕೇಳಬೇಕು, ಯಾರಿಗೆ ಏಕೆ ಹೇಳಿದನೆಂಬುದನ್ನೂ ವಿಚಾರಿಸಬೇಕು.

ಮೊದಲನೆಯ ಸಾಕ್ಷಿ ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ. ಕ್ರಿ. ಶ. 700ರ ಸುಮಾರಿನದೆಂದು ವಿದ್ವಾಂಸರು ಎಣಿಸಿರುವ ಈ ಬರೆಹವು ಕನ್ನಡ ತ್ರಿಪದಿಗೆ ದೊರೆತಿರುವ ಅತಿ ಪ್ರಾಚೀನ ನಿದರ್ಶನವಾಗಿ ಛಂದಶ್ಶಾಸ್ತ್ರದ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಅದರಲ್ಲಿ ಮೂರು ತ್ರಿಪದಿಗಳಿವೆ, ಒಂದು ಸಂಸ್ಕೃತ ಶ್ಲೋಕವಿದೆ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ನಡೆದವರಿಗೆ ಸವಿಯಾದವನು, ಪೀಡಿಸಬಂದವರಿಗೆ ಮಾತ್ರ ಬೇರೆಯೇ ಆದವನು ಎಂಬ ಭಾವದ ಮೊದಲನೆಯ ತ್ರಿಪದಿಯನ್ನು ಕನ್ನಡಿಗರ ಶೀಲವರ್ಣನೆಯೆಂದು ಉದಾಹರಿಸುವುದು ಬಹುಕಾಲದ ರೂಢಿ. ಆದರೆ ಆ ತ್ರಿಪದಿಗಳು ಕನ್ನಡಿಗರನ್ನು ಕುರಿತವಲ್ಲ. ಅವು ಒಬ್ಬ ವ್ಯಕ್ತಿಯ ಪ್ರಶಂಸೆ. ಅವನ ಹೆಸರು ಅಲ್ಲಿಯೇ ಕೆತ್ತಲ್ಪಟ್ಟಿದೆ. ಅಷ್ಟೇ ಅಲ್ಲ, ಅವನು ಕಲಿಕಾಲಕ್ಕೆ ವಿಪರೀತನು, ಎಂದರೆ ಕಾಲದ ನಡವಳಿಗೆ ಹೊರತಾದವನು, ಎಂಬುದೇ ಶಾಸನಕವಿಗೆ ಮುಖ್ಯವಾದ ಮಾತು. ಸುತ್ತಣ ಜನರಂತೆ ಇಲ್ಲದುದಕ್ಕಾಗಿ ಹೊಗಳಿಸಿಕೊಂಡವನನ್ನೇ ಸುತ್ತಣ ಜನರ ಪ್ರತಿನಿಧಿಯನ್ನಾಗಿ ನಿಲ್ಲಿಸಿದಂತಾಯಿತು!

ಇನ್ನು ಮುಂದಿನ ಭಾಗಗಳನ್ನು ಉತ್ಸವಗಳಲ್ಲಿ ಓದುವವರು ವಿರಳ. ಮೂರನೆಯ ತ್ರಿಪದಿಯಲ್ಲಿ, ಕಟ್ಟಿಹಾಕಿದ ಸಿಂಹವನ್ನು ಮುಂದಾಗುವುದನ್ನೆಣಿಸದೆ ಬಿಚ್ಚಿಬಿಟ್ಟವರ ಗತಿ ಅವನ ಹಗೆಗಳಿಗೂ ಆಯಿತೆಂದು ಹೇಳಿದೆ. ಸಂಸ್ಕೃತ ಶ್ಲೋಕವು ತೇಜಸ್ವಿಯಾದವನಿಗೆ ಮಾನಭಂಗಕ್ಕಿಂತ ಮರಣವೇ ಲೇಸೆನ್ನುತ್ತದೆ. ಯಾವ ಅವಮಾನವಾಗಿತ್ತು, ಯಾರೊಡನೆ ಹಗೆತನವಿತ್ತು, ಬಂಡೆ ಹೇಳುವುದಿಲ್ಲ. ಆದರೆ ಒಂದು ನಿಜವಾದ ಜಗಳದ ಕಾವು ಆ ಹತ್ತೆಂಟು ಪಂಕ್ತಿಗಳಲ್ಲಿ ಇಂದಿಗೂ ತಾಕುತ್ತದೆ. ಅದನ್ನು ಒಂದು ಜನಾಂಗದ ಸೌಮ್ಯಗುಣದ ಪ್ರಮಾಣಪತ್ರವೆಂದು ಓದಿದಾಗ ಕಾವ್ಯವಾಗಿ ಅದಕ್ಕಿರುವ ಸತ್ತ್ವವೇ ಆರಿಹೋಗುತ್ತದೆ. ಸ್ವಭಾವವಾದದಿಂದ ಸಾಹಿತ್ಯಕ್ಕೆ ಆಗುವ ಹಾನಿ ಇಂಥದು.

ಎರಡನೆಯ ಸಾಕ್ಷಿ ಕವಿರಾಜಮಾರ್ಗ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಲಕ್ಷಣಗ್ರಂಥವು ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ 1898ರಲ್ಲಿ ಅಚ್ಚಾಯಿತು. ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಎಲ್ಲೆಯನ್ನು ಹೇಳುವ ಪದ್ಯವೂ ನಾಡವರ ಗುಣಗಳನ್ನು ಹೇಳುವ ಪದ್ಯಗಳೂ ಆ ಬಳಿಕ ಸಭೆಗಳ ನಿತ್ಯಪಾಠಗಳಾದುವು. ಓದು ಬರೆಹವನ್ನು ಕ್ರಮವಾಗಿ ಕಲಿಯದವರೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಅಭಿಪ್ರಾಯದ ಮಾತನ್ನಂತೂ ಕೇಳದ ಕನ್ನಡಿಗನಿಲ್ಲ. ಗುಣಗಳನ್ನು ಸಾಲಾಗಿ ಎಣಿಸುವ ಪದ್ಯದಲ್ಲಿ ಭಟರು, ಕವಿಗಳು, ಪ್ರಭುಗಳು, ಚೆಲುವರು, ಕುಲವಂತರು ಎಂದು ಮೊದಲಾದ ವಿಶೇಷಣಗಳ ನಡುವೆ ಎರಡು ಶಬ್ದಗಳು ಬರುತ್ತವೆ: ಅಭಿಮಾನಿಗಳು ಎಂಬುದೊಂದು, ಅತ್ಯುಗ್ರರು ಎಂಬುದೊಂದು. ಕನ್ನಡಿಗನು ಹುಟ್ಟಾ ಶಾಂತನೆಂಬ ಪಕ್ಷಕ್ಕೆ ಎರಡನೆಯ ಶಬ್ದ ತೊಡಕು. ಹುಟ್ಟಾ ನಿರಭಿಮಾನಿಯೆಂಬ ಪಕ್ಷಕ್ಕೆ ಮೊದಲನೆಯದು ತೊಡಕು. ಉಪನ್ಯಾಸಕರು ಪದ್ಯವನ್ನು ರಾಗವಾಗಿ ಓದಿ ಮುಗಿಸಿ, ಅದಕ್ಕೆ ನೇರ ವಿರುದ್ಧವಾದ ಮಾತನ್ನು ಮುಂದಿನ ವಾಕ್ಯದಲ್ಲಿಯೇ ಆಡಿದರೂ ಸಭೆಯಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ಪೂಜೆಗೆ ಸಂದ ಪದ್ಯವು ಓದಿಗೆ ಸಲ್ಲದೆ ಹೋಗುವುದು ಹೀಗೆ.

ಹಾಗಾದರೆ ಕನ್ನಡಿಗನು ನಿಜವಾಗಿ ಉಗ್ರನೆಂದು ಸಾಧಿಸಬೇಕೆ? ಅದೂ ಅದೇ ತಪ್ಪಿನ ಮತ್ತೊಂದು ಮುಖವಾದೀತು. ಗ್ರಂಥಕರ್ತನು ಈ ಮಾತುಗಳನ್ನು ಜನಾಂಗಶಾಸ್ತ್ರಕ್ಕಾಗಿ ಬರೆಯಲಿಲ್ಲ. ಕಾವ್ಯವನ್ನು ಬರೆಯಹೊರಟವರಿಗೆ ಮಾರ್ಗವನ್ನು ತೋರಿಸುವುದು ಅವನ ಉದ್ದೇಶ. ಕೇಳುವ ಜನ ಚುರುಕಾದವರು, ನುಡಿಯ ಹದವನ್ನು ಅರಿತವರು, ಆದುದರಿಂದ ಎಚ್ಚರವಾಗಿ ಬರೆಯಬೇಕು ಎಂಬುದು ಅಲ್ಲಿಯ ಧ್ವನಿ. ಅವನೇ ಮತ್ತೊಂದೆಡೆ ಕನ್ನಡಗಳು ಹಲವು, ದೇಸಿಗಳು ಬೇರೆ ಬೇರೆ, ಅವುಗಳ ದೋಷಗಳನ್ನೆಲ್ಲ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಟ್ಟಾನು ಎಂಬ ಅರ್ಥದ ಮಾತನ್ನಾಡಿದ್ದಾನೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯನ್ನು ತಿರುಳ್ಗನ್ನಡವೆಂದು ಆರಿಸಿಕೊಳ್ಳಬೇಕಾಗಿ ಬಂದುದೇ ನಾಡಿನ ನುಡಿ ಒಂದೇ ಬಗೆಯದಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ. ನುಡಿಯಲ್ಲಿಯೇ ಇಷ್ಟು ಬಗೆಗಳನ್ನು ಕಂಡವನ ಬಾಯಿಯಿಂದ ನಡತೆಯಲ್ಲಿ ಏಕರೂಪವನ್ನು ಹೇಳಿಸುವುದು ಗ್ರಂಥಕ್ಕೆ ಮಾಡುವ ಉಪಚಾರವಲ್ಲ.

ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನ ಸಾಕ್ಷ್ಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕ್ರಿ. ಶ. 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡ ಅವನು, ಅಲ್ಲಿಯ ಜನ ಎತ್ತರದ ಆಳುಗಳು, ಬಿಂಕದವರು, ಉಪಕಾರಕ್ಕೆ ಕೃತಜ್ಞರು, ಅಪಕಾರಕ್ಕೆ ಹಗೆ ತೀರಿಸಿಕೊಳ್ಳುವವರು ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಕನ್ನಡಿಗರು ಇದನ್ನು ತಮ್ಮ ವರ್ಣನೆಯೆನ್ನುವರು. ಯಾತ್ರಿಕನು ಆ ದೇಶವನ್ನು ಮಹಾರಾಷ್ಟ್ರವೆಂದು ಕರೆದಿರುವುದರಿಂದ ಮರಾಠಿಗರೂ ತಮ್ಮದೆನ್ನುವರು. ಒಂದೇ ಅಳತೆಯ ಅಂಗಿ ಇಬ್ಬರಿಗೂ ಸರಿಹೋಯಿತೆಂದರೆ ಅದು ಯಾರ ಮೈಯ ಅಳತೆಯೂ ಅಲ್ಲವೆಂದೇ ತಿಳಿಯಬೇಕು.

ಇನ್ನು ಸಹಿಷ್ಣುತೆಯ ಮಾತು. ಇದು ಸ್ವಲ್ಪ ವಿಸ್ತಾರವಾಗಿ ವಿಚಾರಿಸತಕ್ಕ ವಿಷಯ. ಏಕೆಂದರೆ ಇಲ್ಲಿ ಹೊಗಳಿಕೆಗೆ ನಿಜವಾದ ಆಧಾರವಿದೆ, ಆದರೆ ಆ ಆಧಾರವು ಹೇಳುವುದು ಬೇರೆ. ಶ್ರವಣಬೆಳಗೊಳದಲ್ಲಿ ವಿಜಯನಗರದ ಬುಕ್ಕರಾಯನ ಕ್ರಿ. ಶ. 1368ರ ಶಾಸನವೊಂದಿದೆ. ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಅರಸನು ಸಾರಿದ ಈ ಶಾಸನವನ್ನು ಕನ್ನಡಿಗರ ಸರ್ವಧರ್ಮಸಮಭಾವಕ್ಕೆ ಕಿರೀಟಪ್ರಾಯವೆಂದು ಎತ್ತಿಹಿಡಿಯುವುದುಂಟು. ಎತ್ತಿಹಿಡಿಯತಕ್ಕದ್ದೇ ಸರಿ. ಆದರೆ ಶಾಸನವನ್ನು ಮೊದಲಿನಿಂದ ಓದಬೇಕು. ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಕುರಿತು ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು ಅರಸನಿಗೆ ಬಿನ್ನಹ ಮಾಡಿಕೊಂಡರೆಂಬುದರಿಂದ ಅದು ಹೊರಡುತ್ತದೆ. ಅನ್ಯಾಯವು ನಡೆದಿತ್ತು, ಅದು ಒಂದೆರಡು ಊರುಗಳದಾಗಿರಲಿಲ್ಲ. ಅರಸನು ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಕರೆಯಿಸಿ, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರಿಗೆ ಹಕ್ಕುಂಟೆಂದು ನಿರ್ಣಯಿಸಿದನು.

ಅಲ್ಲಿಗೂ ಮುಗಿಯಲಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಆಳುಗಳನ್ನಿಡಬೇಕು. ಉಳಿದುದನ್ನು ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಲು ಉಪಯೋಗಿಸಬೇಕು ಎಂದು ಏರ್ಪಾಡಾಯಿತು. ಇಲ್ಲಿ ವಾಚಕನು ಒಂದು ಕ್ಷಣ ನಿಲ್ಲಬೇಕು. ಸಹಿಷ್ಣುತೆಯು ಜನರ ರಕ್ತದಲ್ಲಿಯೇ ಹರಿಯುತ್ತಿದ್ದರೆ ಕಾವಲಿನವರು ಏತಕ್ಕೆ? ಮನೆಗೊಂದು ಹಣ ಏತಕ್ಕೆ? ಆ ಕಾವಲಿನ ವೆಚ್ಚವನ್ನು ಕಾಯಿಸಿಕೊಳ್ಳಬೇಕಾದವರೇ ಹೊತ್ತರೆಂಬುದನ್ನೂ ಮರೆಯಬಾರದು. ಈ ಶಾಸನದ ಹಿರಿಮೆಯಿರುವುದು ಸ್ವಭಾವದಲ್ಲಿ ಅಲ್ಲ, ಸ್ವಭಾವವನ್ನು ನಂಬದಿರುವುದರಲ್ಲಿ. ಮನುಷ್ಯರು ಜಗಳವಾಡುವರೆಂಬುದನ್ನು ಒಪ್ಪಿಕೊಂಡು, ಆಳು, ಹಣ, ಸುಣ್ಣ, ಸಾಕ್ಷಿ, ತಪ್ಪಿದವರಿಗೆ ಶಾಪ, ಇಷ್ಟನ್ನೂ ಲೆಕ್ಕಹಾಕಿ ಕಟ್ಟಿದ ಒಪ್ಪಂದವದು. ಇದನ್ನು ಹುಟ್ಟುಗುಣವೆಂದು ಕರೆದರೆ ಅದಕ್ಕಾಗಿ ಬೆವರು ಸುರಿಸಿದವರ ಕೆಲಸವೆಲ್ಲ ಮಣ್ಣುಗೂಡುತ್ತದೆ. ಮಾತ್ರವಲ್ಲ, ಹುಟ್ಟುಗುಣಕ್ಕೆ ಕಾವಲು ಬೇಡವಷ್ಟೆ. ಆದುದರಿಂದ ಮುಂದಿನವರು ಕಾವಲನ್ನೂ ತೆಗೆದುಹಾಕುವರು.

ಇದೇ ನಾಡಿನಲ್ಲಿ ಅಬ್ಬಲೂರೂ ಇದೆ. ಅಲ್ಲಿಯ ಸೋಮೇಶ್ವರ ದೇವಾಲಯದ, ಕ್ರಿ. ಶ. 1200ರ ಸುಮಾರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತಲೆಯನ್ನು ಅರಿದುಕೊಂಡು ಮರಳಿ ಪಡೆದು ಜಿನಪ್ರತಿಮೆಯನ್ನು ಒಡೆದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತದೆ. ಗೋಡೆಯ ಶಿಲ್ಪಗಳು ಅದನ್ನೇ ತೋರಿಸುತ್ತವೆ. ಬೆಳಗೊಳದ ಕಲ್ಲು ಕನ್ನಡಿಗರದಾದರೆ ಅಬ್ಬಲೂರಿನ ಕಲ್ಲೂ ಕನ್ನಡಿಗರದೇ. ಹಾಗೆಯೇ ಊರೂರಿನಲ್ಲಿರುವ ವೀರಗಲ್ಲುಗಳ ವಿಷಯ. ತುರುಗಳನ್ನು ಮರಳಿ ತರುವುದಕ್ಕಾಗಿ ಕಾದಿ ಮಡಿದ ವೀರನ ಶೌರ್ಯವು ಕನ್ನಡಿಗರ ಶೌರ್ಯವೆಂದು ಎಣಿಕೆಯಾಗುತ್ತದೆ. ತುರುಗಳನ್ನು ಹೊಡೆದುಕೊಂಡು ಹೋದವರು ಎಷ್ಟೋ ವೇಳೆ ನೆರೆಯ ಊರಿನವರೇ, ಅದೇ ಮಾತನ್ನಾಡುವವರೇ ಆಗಿದ್ದರೆಂಬುದು ಎಣಿಕೆಗೆ ಬರುವುದಿಲ್ಲ.

ಇನ್ನು ನಿಂದೆಯ ಕಡೆಗೆ ತಿರುಗಬಹುದು. ಕನ್ನಡಿಗನು ನಿರಭಿಮಾನಿಯೆಂಬ ಮಾತು ಸನಾತನವಾದುದಲ್ಲ; ಅದಕ್ಕೆ ಊರೂ ಉಂಟು, ಕಾಲವೂ ಉಂಟು. 19ನೆಯ ಶತಮಾನದಲ್ಲಿ ಕನ್ನಡ ಜನರು ಮುಂಬಯಿ ಮತ್ತು ಮದ್ರಾಸು ಆಧಿಪತ್ಯಗಳು, ನಿಜಾಮನ ಸಂಸ್ಥಾನ, ಮೈಸೂರು ಸಂಸ್ಥಾನ, ಕೊಡಗು, ಮತ್ತೆ ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಧಾರವಾಡದ ಕಡೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿಯೇ ಪ್ರಬಲವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹೆಣಗಿದುದು, 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದುದು, 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಆ ಸಂಘದಲ್ಲಿಯೇ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದುದು, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದುದು, ಎಲ್ಲವೂ ಈ ಸನ್ನಿವೇಶದಲ್ಲಿ. ಕಲಿತ ಕನ್ನಡಿಗನು ಅನ್ನಕ್ಕಾಗಿ ಮರಾಠಿಯನ್ನೋ ಇಂಗ್ಲಿಷನ್ನೋ ಹಿಡಿದು ಮನೆಮಾತನ್ನು ಮೂಲೆಗೆ ಸರಿಸಿದುದನ್ನು ಕಂಡು ಈ ಹಿರಿಯರಿಗೆ ಉಂಟಾದ ಸಂಕಟವು ಬೈಗುಳವಾಗಿ ಹೊರಬಂದಿತು. ಮಲಗಿದ ಮಗನನ್ನು ಎಬ್ಬಿಸುವಾಗ ತಾಯಿಯು ಕುಂಭಕರ್ಣನೆಂದು ಕರೆಯುವಳು. ಅದನ್ನು ಕೇಳಿ ಮಗನ ಹೆಸರೇ ಕುಂಭಕರ್ಣನೆಂದು ಯಾರೂ ಬರೆದುಕೊಳ್ಳುವುದಿಲ್ಲ. ಇಲ್ಲಿ ಹಾಗೆ ಬರೆದುಕೊಂಡದ್ದಾಗಿದೆ. ಒಂದು ವರ್ಗಕ್ಕೆ, ಒಂದು ತೊಂದರೆಯ ಕಾಲದಲ್ಲಿ, ಎಬ್ಬಿಸುವುದಕ್ಕಾಗಿ ಆಡಿದ ಮಾತು ಎಲ್ಲ ಕಾಲದ ಎಲ್ಲ ಕನ್ನಡಿಗರ ಲಕ್ಷಣವಾಗಿ ನಿಂತಿತು.

ಅದೇ ಕಾಲದಲ್ಲಿ ಶಾಲೆಯ ನೆರಳು ಬೀಳದ ಕಡೆ ಏನು ನಡೆದಿತ್ತು? 1880ರ ದಶಕದಲ್ಲಿ ಜೆ. ಎಫ್. ಫ್ಲೀಟರು ಉತ್ತರ ಕರ್ನಾಟಕದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ, 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ದಂಗೆಯೆದ್ದ ಹಲಗಲಿಯ ಬೇಡರ ಲಾವಣಿ ಅವುಗಳಲ್ಲಿದ್ದುವು. ಇವುಗಳನ್ನು ಕಟ್ಟಿದವರೂ ಹಾಡಿದವರೂ ಕೇಳಿದವರೂ ಅಭಿಮಾನವೆಂಬ ಶಬ್ದಕ್ಕೆ ಲಕ್ಷಣವನ್ನು ಬರೆಯಲಿಲ್ಲ, ಅಷ್ಟೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಕನ್ನಡಿಗರ ನಿರಭಿಮಾನಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಅವರು ಮಾರಿದರೆಂದರೆ ಕೊಂಡವರೂ ಇದ್ದರಷ್ಟೆ.

ಅಭಿಮಾನವು ರಕ್ತಗುಣವೆಂಬ ವಾದವನ್ನು ಕನ್ನಡ ಸಾಹಿತ್ಯದ ಚರಿತ್ರೆಯೇ ಮತ್ತೊಂದು ಬಗೆಯಲ್ಲಿಯೂ ಮುರಿಯುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದೂ ಕೈಲಾಸಂ ಅವರದೂ ತಮಿಳು. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಕನ್ನಡಕ್ಕೆ 1894ರಲ್ಲಿ ಮಹಾಕೋಶವನ್ನು ಕೊಟ್ಟ ಕಿಟ್ಟೆಲರದು ಜರ್ಮನ್. ಇವರು ಕನ್ನಡವನ್ನು ಹುಟ್ಟಿನಿಂದ ಪಡೆದವರಲ್ಲ, ಆರಿಸಿಕೊಂಡವರು. ಹೀಗಿರುವಲ್ಲಿ ಕನ್ನಡತನವೆಂಬುದು ಜನ್ಮಸಿದ್ಧವಾದ ಮನೋಧರ್ಮವೆಂದು ಹೇಳಿದರೆ ಕನ್ನಡದ ಅರ್ಧ ಭಂಡಾರವನ್ನು ಹೊರಗಿಟ್ಟು ಬಾಗಿಲು ಹಾಕಿದಂತಾಗುವುದು.

ನಾಡಿನೊಳಗಣ ಸಣ್ಣ ಪಡಿಯಚ್ಚುಗಳನ್ನು ಕುರಿತು ಒಂದೆರಡು ಮಾತು ಸಾಕು. ಮೈಸೂರಿನವರು ನಯದ ಮಾತಿನವರು, ಒಳಗೊಂದು ಹೊರಗೊಂದು, ಧಾರವಾಡದವರು ಗಂಡುಮಾತಿನವರು, ಒರಟಾದರೂ ನೇರ, ಕರಾವಳಿಯವರು ಲೆಕ್ಕಾಚಾರದವರು. ಊರಿನ ಜಗುಲಿಯಲ್ಲಿ ಇವು ನಗೆಯ ಸರಕು. ನಾಟಕಕಾರರಿಗೂ ಕಾದಂಬರಿಕಾರರಿಗೂ ಕೈಗೆ ಸುಲಭವಾಗಿ ಸಿಕ್ಕುವ ಸರಕೂ ಹೌದು. ಆದರೆ ಗಂಡುಮಾತಿನ ಧಾರವಾಡವು ಬೇಂದ್ರೆಯವರ ಅತಿಸೂಕ್ಷ್ಮವಾದ ಭಾವಗೀತೆಗಳನ್ನು ಕೊಟ್ಟಿತು, ನಯದ ಮೈಸೂರು ಸಂಸ್ಥಾನವು ಕೈಲಾಸಂ ಅವರ ಚಾಟಿಯಂಥ ವಿಡಂಬನೆಯನ್ನು ಕೊಟ್ಟಿತು.

ಕನ್ನಡ ಕಾದಂಬರಿಯು ಈ ವಿಷಯದಲ್ಲಿ ನಡೆದು ಬಂದ ದಾರಿ ಗಮನಾರ್ಹವಾದುದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಬಂದಿತು. ಸದ್ಧರ್ಮವಿಜಯವೆಂಬ ಅದರ ಎರಡನೆಯ ಹೆಸರೇ ಸೂಚಿಸುವಂತೆ ಅಲ್ಲಿಯ ಪಾತ್ರಗಳಲ್ಲಿ ಬಹುಮಂದಿ ಒಂದೊಂದು ಗುಣದ ಇಲ್ಲವೆ ದೋಷದ ಪ್ರತಿನಿಧಿಗಳು. ಸಮಾಜಸುಧಾರಣೆಯ ಕಾವಿನಲ್ಲಿ ಹುಟ್ಟಿದ ಗ್ರಂಥಕ್ಕೆ ಅದು ಸಹಜ. ಅದರ ಧೈರ್ಯಕ್ಕೆ ಅದರಿಂದ ಕುಂದಿಲ್ಲ. ಮೂವತ್ತನಾಲ್ಕು ವರ್ಷಗಳ ಬಳಿಕ, 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ ಬಂದಿತು. ಚೋಮನು ಅಸ್ಪೃಶ್ಯ ಜಾತಿಯ ಕೂಲಿಯಾಳು. ಎತ್ತುಗಳಿವೆ, ಉಳುವ ಆಸೆಯಿದೆ, ನೆಲವಿಲ್ಲ, ಕೇಳಿದರೂ ಕೊಡುವವರಿಲ್ಲ. ಅವನು ಸಹಿಷ್ಣುವೆ? ಸಹಿಸಿದನು, ಆದರೆ ಅದು ಗುಣವಾಗಿ ಅಲ್ಲ, ಬೇರೆ ದಾರಿಯಿಲ್ಲದುದರಿಂದ. ನಿರಭಿಮಾನಿಯೆ? ಮತವನ್ನು ಬಿಟ್ಟರೆ ನೆಲ ದೊರೆಯಬಹುದಾಗಿದ್ದಾಗಲೂ ಅವನ ಕಾಲು ಹಿಂದಕ್ಕೇ ಸರಿಯಿತು. ಅದನ್ನು ಅಭಿಮಾನವೆನ್ನಬೇಕೋ, ಭಯವೆನ್ನಬೇಕೋ, ತನ್ನನ್ನು ತುಳಿದ ದೇವರಲ್ಲಿಯೇ ಇದ್ದ ಭಕ್ತಿಯೆನ್ನಬೇಕೋ ಗ್ರಂಥಕರ್ತನು ತೀರ್ಮಾನಿಸುವುದಿಲ್ಲ, ಓದುವವನೂ ಸುಲಭವಾಗಿ ತೀರ್ಮಾನಿಸಲಾರನು. ಕೊನೆಗೆ ದುಡಿಯನ್ನು ಬಾರಿಸುತ್ತಲೇ ಅವನ ಪ್ರಾಣ ಹೋಗುವುದು. ಕನ್ನಡಿಗರ ಉದಾರತೆಯನ್ನು ಕುರಿತು ಸಭೆಗಳಲ್ಲಿ ಉಪನ್ಯಾಸಗಳು ನಡೆಯುತ್ತಿದ್ದ ವರ್ಷಗಳಲ್ಲಿಯೇ ಈ ಗ್ರಂಥ ಹೊರಬಂದಿತು ಎಂಬುದನ್ನು ನೆನೆದರೆ ಅದರ ಬೆಲೆ ಇನ್ನೂ ಹೆಚ್ಚಾಗಿ ತೋರುವುದು. ಉದಾರತೆಯ ವಾಕ್ಯದಲ್ಲಿ ಚೋಮನು ಯಾವ ಕಡೆ ಇದ್ದಾನೆ? ಬಂದವರಿಗೆ ಬಾಗಿಲು ತೆರೆದ ಮನೆಯಲ್ಲಿ ಇದ್ದವನಿಗೇ ಒಳಗೆ ಬರಲು ಅಪ್ಪಣೆಯಿರಲಿಲ್ಲ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಯಲ್ಲಿಯೂ ಮಲೆನಾಡಿನ ಮನೆತನಗಳ ಗರ್ವ, ಕ್ರೌರ್ಯ, ಮೂಢನಂಬಿಕೆಗಳೂ ಅವುಗಳ ನಡುವೆಯೇ ಓದಿನ ಬೆಳಕಿಗಾಗಿ ತಹತಹಿಸುವ ಹೂವಯ್ಯನೂ ಒಂದೇ ಮಣ್ಣಿನಲ್ಲಿ ಬೆಳೆದಿವೆ. ಯಾವುದು ಮಣ್ಣಿನ ಗುಣವೆಂದು ಹೇಳುವುದು? ನಾಡನ್ನು ಮನಸಾರ ಪ್ರೀತಿಸಿದ ಇಬ್ಬರು ಗ್ರಂಥಕರ್ತರೂ ನಾಡಿನವನ ಸ್ವಭಾವವೆಂಬುದೊಂದನ್ನು ಬರೆಯಲಿಲ್ಲ. ಚೋಮನನ್ನು ಬರೆದರು, ಹೂವಯ್ಯನನ್ನು ಬರೆದರು.

ಇದೇ ಪ್ರಶ್ನೆಯನ್ನು ಸಮಸ್ತ ಭಾರತಕ್ಕೆ ಅನ್ವಯಿಸಿ ಕೇಳಿದ ಕನ್ನಡ ಕವಿಯೊಬ್ಬರಿದ್ದಾರೆ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ ಅಮೆರಿಕದ ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಆಲೋಚನೆಯಲ್ಲಿ ಭಾರತೀಯವಾದ ರೀತಿಯೆಂಬುದು ಒಂದುಂಟೆ ಎಂದು ವಿಚಾರಿಸಿದರು. ಪ್ರಶ್ನೆಯ ಒಂದೊಂದು ಶಬ್ದದ ಮೇಲೂ ಬೇರೆ ಬೇರೆಯಾಗಿ ಒತ್ತು ಕೊಟ್ಟರೆ ಪ್ರಶ್ನೆಯೇ ಬೇರೆಯಾಗುವುದೆಂದು ತೋರಿಸಿದುದು ಆ ಪ್ರಬಂಧದ ಮೊದಲ ಚಮತ್ಕಾರ. ಗಣಿತವನ್ನೂ ಖಗೋಳವನ್ನೂ ಬಲ್ಲ ತಮ್ಮ ತಂದೆಯವರು ಜ್ಯೋತಿಷ್ಯವನ್ನೂ ನಂಬುತ್ತಿದ್ದುದನ್ನು ಕಂಡು ಯೌವನದಲ್ಲಿ ಕಳವಳಪಟ್ಟ ಪ್ರಸಂಗವನ್ನು ಅವರು ಅಲ್ಲಿ ಬರೆದಿದ್ದಾರೆ. ಕೊನೆಗೆ ಅವರು ಬರುವ ಅಭಿಪ್ರಾಯವೆಂದರೆ, ಭಾರತದಲ್ಲಿ ಮಾತಿಗೂ ನಿಯಮಕ್ಕೂ ಸಂದರ್ಭವೇ ಪ್ರಧಾನ; ದೇಶ, ಕಾಲ, ಪಾತ್ರಗಳನ್ನು ಬಿಟ್ಟು ನಿಲ್ಲುವ ವಿಧಿ ಇಲ್ಲಿ ಅಪೂರ್ವ. ಸಮಸ್ತ ಭಾರತೀಯರನ್ನು ಒಂದು ಸೂತ್ರದಲ್ಲಿ ಕಟ್ಟಿದ್ದರಿಂದ ಇದೂ ಒಂದು ಸ್ವಭಾವವಾದವೇ ಆಯಿತೆಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಓದುವ ಕ್ರಮವಾಗಿ ಅದು ಬಹು ಉಪಯುಕ್ತವಾದುದು. ಅರಭಟ್ಟನ ತ್ರಿಪದಿ, ಮಾರ್ಗದ ಪದ್ಯ, ಬುಕ್ಕರಾಯನ ಕಟ್ಟಳೆ, ಧಾರವಾಡದ ಹಿರಿಯರ ನಿಂದೆ, ಇವೆಲ್ಲವೂ ಒಬ್ಬರು ಮತ್ತೊಬ್ಬರಿಗೆ ಒಂದು ಹೊತ್ತಿನಲ್ಲಿ ಆಡಿದ ಮಾತುಗಳು. ಹೊತ್ತನ್ನು ಕಿತ್ತುಹಾಕಿದೊಡನೆ ಅವು ಸ್ವಭಾವವರ್ಣನೆಗಳಾಗಿ ಕಾಣಿಸತೊಡಗುತ್ತವೆ.

ಇದು ಬರಿಯ ಪಾಂಡಿತ್ಯದ ಚರ್ಚೆಯೆಂದು ತಿಳಿಯಬಾರದು. 1956ರ ನವೆಂಬರು 1ರಂದು ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. 1982ರಲ್ಲಿ ಗೋಕಾಕರ ವರದಿಯ ಜಾರಿಗಾಗಿ ನಡೆದ ಚಳುವಳಿಯಲ್ಲಿ ಬೀದಿಗಿಳಿದ ಜನರನ್ನು ನೋಡಿದವರು ಯಾರೂ ಕನ್ನಡಿಗನು ನಿರಭಿಮಾನಿಯೆಂದು ಮತ್ತೆ ಹೇಳಬಾರದಾಗಿತ್ತು. ಆದರೂ ಹೇಳುತ್ತಲೇ ಬಂದಿದ್ದಾರೆ. ಏಕೆಂದರೆ ಆ ನಿಂದೆಗೆ ಈಗ ಹೊಸದೊಂದು ಉಪಯೋಗ ದೊರೆತಿದೆ. ಇಷ್ಟು ಕಾಲ ಸಹಿಸಿದ್ದಾಯಿತು, ಸಹಿಷ್ಣುತೆಯೇ ದೌರ್ಬಲ್ಯವಾಯಿತು, ಇನ್ನು ಸಾಕು ಎಂಬ ಮಾತಿಗೆ ಸ್ತುತಿ ನಿಂದೆಗಳೆರಡೂ ಒಟ್ಟಿಗೆ ಒದಗಿಬರುತ್ತವೆ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆಜ್ಞೆಯ ಹಿನ್ನೆಲೆಯಲ್ಲಿ, ಬೆಂಗಳೂರಿನಲ್ಲಿ ತಮಿಳು ಮಾತನಾಡುವವರ ಮೇಲೆ ಹಲ್ಲೆಗಳು ನಡೆದು ಜೀವಹಾನಿಯಾಯಿತು. ಶಾಂತಸ್ವಭಾವವನ್ನು ವರ್ಣಿಸುವ ಉಪನ್ಯಾಸಗಳಲ್ಲಿ ಆ ತಿಂಗಳಿಗೆ ಸ್ಥಳವಿಲ್ಲ. ಸ್ಥಳವಿರಲಾರದು, ಸ್ವಭಾವವೆಂದು ಒಪ್ಪಿದ ಮೇಲೆ ಅದಕ್ಕೆ ವಿರುದ್ಧವಾದುದೆಲ್ಲ ಯಾರೋ ಕಿಡಿಗೇಡಿಗಳ ಕೆಲಸ, ಹೊರಗಿನಿಂದ ಬಂದ ಕೇಡು. ಹಾಗೆಂದು ನಂಬಿದ ಊರಿಗೆ, ಮುಂದೆ ಅಂಥದೇ ಸಮಯ ಬಂದಾಗ ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕೆಂಬ ವಿಚಾರವೇ ಹೊಳೆಯುವುದಿಲ್ಲ.

ಬೆಳಗೊಳದ ಶಾಸನವನ್ನು ಕಡೆಯವರೆಗೆ ಓದಿದವರಿಗೆ ಅಲ್ಲಿ ಮತ್ತೊಂದು ಸಂಗತಿ ಕಾಣುವುದು. ಅರಸನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆತಂದು, ಜೀರ್ಣೋದ್ಧಾರವನ್ನು ಮಾಡಿಸಿದವನು ಕಲ್ಲೆಹದ ಬುಸುವಿ ಸೆಟ್ಟಿಯೆಂದೂ, ಜೈನರೂ ವೈಷ್ಣವರೂ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅಲ್ಲಿ ಬರೆದಿದೆ. ಸಭೆಗಳಲ್ಲಿ ಬುಕ್ಕರಾಯನ ಹೆಸರು ಆಗಾಗ ಬರುತ್ತದೆ. ಬುಸುವಿ ಸೆಟ್ಟಿಯ ಹೆಸರು ಬರುವುದು ಅಪೂರ್ವ.